ಸಾವಯವ ಕೃಷಿಯ ಬಗೆಗೆ ರೈತರ ಮನೋಭಾವವನ್ನು ಅಳೆಯುವುದು ಹೇಗೆ: ಮಂಡ್ಯ ಸೀಮೆಯಲ್ಲಿ ಕೆಲಸ ಮಾಡುವವರಿಗೊಂದು ಮಾರ್ಗದರ್ಶಿ

ಮಂಡ್ಯ ಜಿಲ್ಲೆಯ ಯಾವ ಊರಿಗೆ ಹೋಗಿ ‘ಸಾವಯವ ಕೃಷಿ ಒಳ್ಳೆಯದೇ?’ ಎಂದು ಕೇಳಿದರೂ ಬಹುತೇಕ ಎಲ್ಲರಿಂದಲೂ ‘ಒಳ್ಳೇದೇ’ ಎಂಬ ಉತ್ತರ ಬರುತ್ತದೆ. ಹಾಗೆ ಹೇಳಿದವರ ಜಗುಲಿಯ ಮೇಲೆಯೇ ಯೂರಿಯಾ ಮೂಟೆಗಳು ಪೇರಿಸಿಟ್ಟಿರುತ್ತವೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ಇದರ ಅರ್ಥವಲ್ಲ. ಮನೆ ಬಾಗಿಲಿಗೆ ಬಂದವರ ಮಾತಿಗೆ ಎದುರಾಡಬಾರದೆಂಬ ಮರ್ಯಾದೆಯೂ, ಸಾವಯವ ಎಂಬ ಮಾತಿಗೆ ಅಂಟಿಕೊಂಡಿರುವ ಗೌರವವೂ ಸೇರಿ ಆ ಉತ್ತರವನ್ನು ಹುಟ್ಟಿಸುತ್ತವೆ. ಮನೋಭಾವವನ್ನು ಅಳೆಯಹೊರಟವರ ಮುಂದಿರುವ ನಿಜವಾದ ಕೆಲಸವೆಂದರೆ, ಇಬ್ಬರು ಪ್ರಾಮಾಣಿಕ ರೈತರು ಪರಸ್ಪರ ಭಿನ್ನವಾಗಿ ಉತ್ತರಿಸಬಹುದಾದ ಹೇಳಿಕೆಗಳನ್ನು ಕಂಡುಹಿಡಿಯುವುದು. ಲೆಕ್ಕಾಚಾರ, ಕೋಷ್ಟಕ, ತಂತ್ರಾಂಶ ಎಲ್ಲವೂ ಅದರ ನಂತರದವು.

ಕೃಷಿ ವಿಸ್ತರಣೆಯಲ್ಲಿ, ಅಂದರೆ ಕೃಷಿಯ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ವಿಷಯದಲ್ಲಿ, ಸ್ನಾತಕೋತ್ತರ ಪ್ರಬಂಧ ಬರೆಯುವ ವಿದ್ಯಾರ್ಥಿಗಳನ್ನೂ, ಕೃಷಿ ವಿಜ್ಞಾನ ಕೇಂದ್ರ, ರೈತ ಉತ್ಪಾದಕ ಸಂಸ್ಥೆ ಮತ್ತು ಸ್ವಯಂಸೇವಾ ಸಂಸ್ಥೆಗಳಲ್ಲಿ ಸಮೀಕ್ಷೆ ನಡೆಸುವವರನ್ನೂ ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಇಲ್ಲಿ ವಿವರಿಸಿರುವುದು ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ, ಅಂಕಗಳನ್ನು ಕೂಡಿ ಮೊತ್ತ ತೆಗೆಯುವ ಅಳತೆಗೋಲಿನ ವಿಧಾನ. ಅದಕ್ಕೂ ಮೊದಲು, 1929ರಲ್ಲಿ, ಥರ್ಸ್ಟನ್ ಮತ್ತು ಚೇವ್ ರೂಪಿಸಿದ ವಿಧಾನದಲ್ಲಿ ತೀರ್ಪುಗಾರರು ಪ್ರತಿಯೊಂದು ಹೇಳಿಕೆಯನ್ನೂ 11 ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕಾಗಿತ್ತು. ಅದು ಹೆಚ್ಚು ಶ್ರಮದ ಕೆಲಸ. ಹಳ್ಳಿಯ ಸಮೀಕ್ಷೆಗೆ ಲೈಕರ್ಟ್ ವಿಧಾನ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಳೆಯುವ ವಸ್ತುವನ್ನು ಗೊತ್ತುಮಾಡಿಕೊಳ್ಳಿ

ಒಂದು ವಿಷಯದ ಬಗ್ಗೆ ಒಬ್ಬನ ಮನಸ್ಸು ಎಷ್ಟರಮಟ್ಟಿಗೆ ಪರವಾಗಿ ಅಥವಾ ವಿರುದ್ಧವಾಗಿ ವಾಲಿದೆ ಎಂಬುದೇ ಮನೋಭಾವ. ರೈತನಿಗೆ ಏನು ಗೊತ್ತಿದೆ ಎಂಬುದು ಜ್ಞಾನ, ಅವನು ಹೊಲದಲ್ಲಿ ಏನು ಮಾಡುತ್ತಾನೆ ಎಂಬುದು ಅಳವಡಿಕೆ, ಅವನಿಂದ ಏನು ಮಾಡಲು ಸಾಧ್ಯ ಎಂಬುದು ಅವನ ಪರಿಸ್ಥಿತಿ. ಈ ನಾಲ್ಕನ್ನೂ ಒಂದೇ ಪ್ರಶ್ನಾವಳಿಯಲ್ಲಿ ಕೇಳಬಹುದು. ಆದರೆ ಒಂದೇ ಮೊತ್ತಕ್ಕೆ ಕೂಡಬಾರದು. ‘ಒಂದು ಎಕರೆಯ ಜೀವಾಮೃತಕ್ಕೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 200 ಲೀಟರ್ ನೀರು ಬೇಕು’ ಎಂಬ, ದ್ರವಗೊಬ್ಬರವೊಂದರ ಕುರಿತಾದ ವಾಕ್ಯಕ್ಕೆ ಹೌದೆನ್ನುವುದರಿಂದ ಅವನಿಗೆ ವಿಷಯ ತಿಳಿದಿದೆಯೆಂದು ಗೊತ್ತಾಗುತ್ತದೆಯೇ ಹೊರತು ಅದನ್ನು ಅವನು ಮೆಚ್ಚುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ಜೀವಾಮೃತವನ್ನು ಚೆನ್ನಾಗಿ ಬಲ್ಲ, ಅದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲದ ರೈತರೂ ಇದ್ದಾರೆ.

ಪರಿಸ್ಥಿತಿಯನ್ನು ಮನೋಭಾವದಿಂದ ಬೇರ್ಪಡಿಸುವುದು ನಾಲಾ ಬಯಲಿನಲ್ಲಿ ಇನ್ನೂ ಮುಖ್ಯವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಎಷ್ಟೋ ಕಡೆ ನೀರು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹರಿದು ಬರುತ್ತದೆ. ಮೇಲಿನ ಗದ್ದೆಯವನು ನಿನ್ನೆ ಎರಚಿದ ಯೂರಿಯಾ ಕೆಳಗಿನವನ ಗದ್ದೆಗೂ ಒಂದಿಷ್ಟು ಇಳಿಯುತ್ತದೆ. ಅಂಥ ಜಾಗದ ರೈತ ‘ನಮ್ಮಲ್ಲಿ ಸಾವಯವ ಆಗಲ್ಲ’ ಎಂದರೆ ಅದು ಅವನ ಮನಸ್ಸಿನ ಮಾತಲ್ಲ, ಅವನ ಗದ್ದೆ ಇರುವ ಸ್ಥಳದ ಮಾತು. ವಾರಕ್ಕೋ (ಬೆಳೆಯ ಪಾಲಿಗೆ) ಗುತ್ತಿಗೆಗೋ ಮಾಡುವವನ ಸ್ಥಿತಿಯೂ ಹೀಗೆಯೇ. ಮುಂದಿನ ವರ್ಷ ಭೂಮಿ ತನ್ನ ಕೈಯಲ್ಲಿರುತ್ತದೆಯೋ ಇಲ್ಲವೋ ತಿಳಿಯದವನು ಮೂರು ವರ್ಷಕ್ಕೆ ಫಲ ಕೊಡುವ ಮಣ್ಣಿನ ಕೆಲಸಕ್ಕೆ ಏಕೆ ಕೈಹಾಕುತ್ತಾನೆ? ಆದುದರಿಂದ ನೀರಿನ ಮೂಲ, ಗದ್ದೆ ನಾಲೆಯ ತಲೆಭಾಗದಲ್ಲಿದೆಯೋ ಕೊನೆಭಾಗದಲ್ಲಿದೆಯೋ, ಹಿಡುವಳಿ ಸ್ವಂತದ್ದೋ ಗುತ್ತಿಗೆಯದೋ, ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಎಂಬ ವಿವರಗಳನ್ನು ಪ್ರತ್ಯೇಕ ಪುಟದಲ್ಲಿ ಕೇಳಿ ಬರೆದುಕೊಳ್ಳಬೇಕು.

ಇನ್ನು ‘ಸಾವಯವ’ ಎಂದರೆ ಏನೆಂಬುದನ್ನು ಸಂದರ್ಶನದ ಆರಂಭದಲ್ಲಿಯೇ ಎರಡು ವಾಕ್ಯಗಳಲ್ಲಿ ಹೇಳಿಬಿಡಬೇಕು. ಎಲ್ಲ ರೈತರಿಗೂ ಅದೇ ಎರಡು ವಾಕ್ಯಗಳನ್ನು ಹೇಳಬೇಕು. ಏಕೆಂದರೆ ಈ ಭಾಗದ ರೈತರ ಕಿವಿಗೆ ಹಲವು ಬಗೆಯ ಮಾತು ಬಿದ್ದಿದೆ. ರಾಜ್ಯ ಸರ್ಕಾರ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ರಫ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರವಿದೆ, ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸಿಕೊಳ್ಳುವ ಪಿಜಿಎಸ್ ಪದ್ಧತಿಯಿದೆ. 2015ರಲ್ಲಿ ಸಾವಯವ ಕೃಷಿಗೆ ನೆರವಾಗುವ ಕೇಂದ್ರ ಸರ್ಕಾರದ ಪರಂಪರಾಗತ್ ಕೃಷಿ ವಿಕಾಸ್ ಯೋಜನೆ ಬಂತು. ಇವುಗಳ ನಡುವೆ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿಯ ಶಿಬಿರಗಳಿಗೆ ಹೋಗಿಬಂದವರು ತಮ್ಮದು ಸಾವಯವವಲ್ಲ, ಸಹಜ ಕೃಷಿ ಎಂದೇ ವಾದಿಸುತ್ತಾರೆ. ಯಾವುದನ್ನು ಅಳೆಯುತ್ತಿದ್ದೇವೆಂದು ಹೇಳದಿದ್ದರೆ ಒಬ್ಬ ಪ್ರಮಾಣಪತ್ರದ ಕುರಿತು ಉತ್ತರಿಸುತ್ತಾನೆ, ಮತ್ತೊಬ್ಬ ನಾಟಿ ಹಸುವಿನ ಕುರಿತು, ಮಗದೊಬ್ಬ ತಿಪ್ಪೆಗೊಬ್ಬರದ ಕುರಿತು.

ಮಂಡ್ಯದಲ್ಲಿ ಬೆಲ್ಲದ ವಿಷಯವನ್ನು ವಿಶೇಷವಾಗಿ ಬಿಡಿಸಿ ಹೇಳಬೇಕು. ಬಣ್ಣ ಬರಲೆಂದು ಬಳಸುವ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕದೆ ಮಾಡಿದ ಬೆಲ್ಲವನ್ನು ಇಲ್ಲಿ ಅನೇಕರು ಸಾವಯವ ಬೆಲ್ಲ ಎಂದೇ ಕರೆಯುತ್ತಾರೆ. ಆದರೆ ಆಲೆಮನೆಯಲ್ಲಿ ರಾಸಾಯನಿಕ ಬಳಸದಿರುವುದು ಒಂದು, ಆ ಕಬ್ಬನ್ನು ಬೆಳೆಯುವಾಗ ಬಳಸದಿರುವುದು ಇನ್ನೊಂದು. ಹೊಲಕ್ಕೆ ಯೂರಿಯಾ ಕೊಟ್ಟ ಕಬ್ಬಿನಿಂದಲೂ ಹೈಡ್ರೋಸ್ ಇಲ್ಲದ ಬೆಲ್ಲ ಮಾಡಬಹುದು. ಈ ಎರಡನ್ನೂ ಒಂದೇ ಹೇಳಿಕೆಯಲ್ಲಿ ಕೂಡಿಸಿದರೆ ಬರುವ ಉತ್ತರಕ್ಕೆ ಬೆಲೆಯಿರುವುದಿಲ್ಲ.

ಹೇಳಿಕೆಗಳನ್ನು ಎಲ್ಲಿಂದ ತರಬೇಕು

ಹೆಚ್ಚಿನ ಪ್ರಬಂಧಗಳಲ್ಲಿ ಹೇಳಿಕೆಗಳು ಹಳೆಯ ಪ್ರಬಂಧಗಳಿಂದ ಬರುತ್ತವೆ. ಇಂಗ್ಲಿಷಿನ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹಳ್ಳಿಗೆ ಕೊಂಡೊಯ್ಯುತ್ತಾರೆ. ಹಿಂದಿನ ಕೆಲಸವನ್ನು ನೋಡುವುದು ತಪ್ಪಲ್ಲ, ಆದರೆ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದಲ್ಲ. ಬೆಳಗಿನ ಹೊತ್ತು ಹಾಲಿನ ಡೇರಿಯ ಮುಂದೆ, ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಕೊಪ್ಪರಿಗೆಯ ಬಳಿ, ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜಕ್ಕಾಗಿ ಕಾದು ಕುಳಿತವರ ನಡುವೆ ರೈತರು ಈ ವಿಷಯವನ್ನು ತಮ್ಮಷ್ಟಕ್ಕೆ ತಾವು ಆಡಿಕೊಳ್ಳುವ ಮಾತನ್ನು ಕೇಳಿಸಿಕೊಂಡು, ಆದಷ್ಟು ಅವರದೇ ಪದಗಳಲ್ಲಿ ಟಿಪ್ಪಣಿ ಮಾಡಿಕೊಳ್ಳಿ. ಮಾತಿಗೆ ಮೊದಲೇ ನೀವು ಯಾರು, ಏಕೆ ಬರೆದುಕೊಳ್ಳುತ್ತಿದ್ದೀರಿ ಎಂದು ತಿಳಿಸಿ ಒಪ್ಪಿಗೆ ಪಡೆದಿರಬೇಕು.

ಹಾಗೆ ಕೇಳಿಸಿಕೊಂಡಾಗ ದೊರೆಯುವ ಮಾತು ಎಂಥದೆಂಬುದಕ್ಕೆ ಒಂದು ಉದಾಹರಣೆ. ‘ಸಾವಯವ ಕೃಷಿಯಿಂದ ಮಣ್ಣಿನ ಆರೋಗ್ಯ ಸುಧಾರಿಸುತ್ತದೆ’ ಎಂದು ವಿದ್ಯಾರ್ಥಿನಿ ಓದಿದರೆ, ಕಬ್ಬಿನ ರೈತ ತಲೆಯೆತ್ತದೆ ‘ಹೂಂ ಕಣವ್ವ, ಸುಧಾರಿಸ್ತದೆ, ಬರ್ಕೊ’ ಎಂದು ಮುಗಿಸುತ್ತಾನೆ. ಅದೇ ರೈತ ಪಕ್ಕದವನ ಜೊತೆ ಮಾತಿಗೆ ಬಿದ್ದಾಗ ‘ಗೊಬ್ಬರ ಬುಟ್ಬುಟ್ರೆ ಮೊದಲ್ನೇ ವರ್ಸ ಕಬ್ಬು ಮ್ಯಾಕೇಳಲ್ಲ, ಸೊಸೈಟಿ ಸಾಲ ಯಾರ್ ಕಟ್ಟಾರು?’ ಎನ್ನುತ್ತಾನೆ. ಮನೋಭಾವ ಇರುವುದು ಈ ಎರಡನೆಯ ಮಾತಿನಲ್ಲಿ. ಅದನ್ನು ‘ಸಾವಯವಕ್ಕೆ ಹೊರಳಿದ ರೈತ ಸಾಲದಲ್ಲಿ ಸಿಕ್ಕಿಕೊಳ್ಳುತ್ತಾನೆ’ ಎಂಬ ಹೇಳಿಕೆಯಾಗಿ ಮಾಡಬಹುದು. ಇದಕ್ಕೆ ಒಬ್ಬ ಹೌದೆನ್ನುತ್ತಾನೆ, ಈಗಾಗಲೇ ಹೊರಳಿ ದಡ ಸೇರಿದವನು ಅಲ್ಲವೆನ್ನುತ್ತಾನೆ. ಅಳತೆಗೋಲಿಗೆ ಬೇಕಾದುದು ಇಂಥದೇ.

ಹೆಂಗಸರಿಂದ ಬರುವ ಮಾತು ಬೇರೆಯೇ ಆಗಿರುತ್ತದೆ. ಕಳೆನಾಶಕ ನಿಂತರೆ ಕಳೆ ಕೀಳುವ ದುಡಿಮೆ ಯಾರ ಹೆಗಲಿಗೆ ಬೀಳುತ್ತದೆ, ಕೊಟ್ಟಿಗೆ ಬಾಚುವವರು ಯಾರು, ಗಂಜಲ ಹಿಡಿದಿಡುವವರು ಯಾರು ಎಂಬ ಪ್ರಶ್ನೆಗಳು ಗಂಡಸರ ಮಾತಿನಲ್ಲಿ ಬರುವುದೇ ಅಪರೂಪ. ‘ಕಳೆ ಕೀಳೋರು ನಾವಲ್ವಾ, ನಮ್ ಸೊಂಟ ಬಿದ್ದೋಯ್ತದೆ’ ಎಂಬ ಮಾತಿನಿಂದ ‘ಸಾವಯವ ಕೃಷಿ ಮನೆಯ ಹೆಂಗಸರ ದುಡಿಮೆಯನ್ನು ಹೆಚ್ಚಿಸುತ್ತದೆ’ ಎಂಬ ಹೇಳಿಕೆ ಹುಟ್ಟುತ್ತದೆ. ಗಂಡಸರ ಮಾತುಗಳಿಂದ ಮಾತ್ರ ಕಟ್ಟಿದ ಅಳತೆಗೋಲಿನಲ್ಲಿ ದುಡಿಮೆಯ ವಿಷಯವೇ ಬಿಟ್ಟುಹೋಗಿರುತ್ತದೆ.

ಆದಾಯ ಮತ್ತು ಸಾಲ, ಇಳುವರಿ, ಮಣ್ಣು ಮತ್ತು ನೀರು, ಉಣ್ಣುವವರ ಆರೋಗ್ಯ, ದುಡಿಮೆ, ಮಾರುಕಟ್ಟೆ ಮತ್ತು ಪ್ರಮಾಣಪತ್ರ, ನೆರೆಹೊರೆಯವರ ಕಣ್ಣಿನಲ್ಲಿ ಮರ್ಯಾದೆ ಇಷ್ಟು ಅಂಶಗಳಾದರೂ ಹೇಳಿಕೆಗಳಲ್ಲಿ ಬರಬೇಕು. ಕೊನೆಯ ಅಂಶವನ್ನು ಹಗುರವಾಗಿ ನೋಡಬಾರದು. ಕಳೆ ತುಂಬಿದ ಗದ್ದೆಯನ್ನು ಕಂಡು ದಾರಿಹೋಕರು ಆಡುವ ಒಂದು ಮಾತು ರೈತನ ಮನಸ್ಸನ್ನು ಯಾವ ಸಹಾಯಧನಕ್ಕಿಂತಲೂ ಹೆಚ್ಚು ತಿರುಗಿಸಬಲ್ಲದು. ಆರಂಭದಲ್ಲಿ 80ರಿಂದ 100 ಹೇಳಿಕೆಗಳು ಕೈಯಲ್ಲಿದ್ದರೆ ಕೊನೆಗೆ 20ರಷ್ಟು ಉಳಿಯುತ್ತವೆ. ಅವುಗಳಲ್ಲಿ ಪರವಾದವೂ ವಿರುದ್ಧವಾದವೂ ಹೆಚ್ಚುಕಡಿಮೆ ಸಮನಾಗಿರಬೇಕು. ಎಲ್ಲವೂ ಪರವಾಗಿದ್ದರೆ, ಕೇಳಿದ್ದಕ್ಕೆಲ್ಲ ಹೂಂಗುಟ್ಟುವ ಸಂಕೋಚದ ರೈತನೂ ಸಾವಯವದ ಕಟ್ಟಾ ಅಭಿಮಾನಿಯೂ ಒಂದೇ ಅಂಕ ಪಡೆಯುತ್ತಾರೆ.

ವಾಕ್ಯವನ್ನು ತಿದ್ದುವುದು

ಮನಶ್ಶಾಸ್ತ್ರಜ್ಞ ಆಲೆನ್ ಎಡ್ವರ್ಡ್ಸ್ 1957ರಲ್ಲಿ ಹೇಳಿಕೆಗಳನ್ನು ಪರಿಶೀಲಿಸಲು 14 ಸೂತ್ರಗಳನ್ನು ಒಂದೆಡೆ ಕಲೆಹಾಕಿದರು. ಇಂದಿಗೂ ಕೃಷಿ ವಿಸ್ತರಣೆಯವರು ಅವನ್ನೇ ಬಳಸುತ್ತಾರೆ. ಹಳೆಯ ಕಾಲದ ಮಾತನ್ನು ಬಿಟ್ಟು ಈಗಿನದನ್ನು ಕೇಳಬೇಕು, ಬರಿಯ ಸಂಗತಿಯನ್ನು ಹೇಳುವ ವಾಕ್ಯ ಬೇಡ, ಎಲ್ಲರೂ ಒಪ್ಪುವ ಅಥವಾ ಯಾರೂ ಒಪ್ಪದ ವಾಕ್ಯ ಬೇಡ, ಒಂದು ವಾಕ್ಯದಲ್ಲಿ ಒಂದೇ ವಿಚಾರವಿರಬೇಕು, ‘ಎಲ್ಲರೂ’ ‘ಯಾವಾಗಲೂ’ ‘ಎಂದಿಗೂ’ ಎಂಬಂಥ ಪದಗಳನ್ನು ಬಿಡಬೇಕು, ವಾಕ್ಯ ಚಿಕ್ಕದಾಗಿರಬೇಕು, ನಿಷೇಧದ ಮೇಲೆ ನಿಷೇಧ ಬರಬಾರದು ಎಂಬುವು ಅವುಗಳಲ್ಲಿ ಮುಖ್ಯವಾದವು.

ಕೊನೆಯ ಸೂತ್ರ ಕನ್ನಡದಲ್ಲಿ ಉಳಿದೆಲ್ಲವುಗಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ‘ಸಾವಯವ ಕೃಷಿಯಲ್ಲಿ ಲಾಭವಿಲ್ಲ’ ಎಂದು ಓದಿದಾಗ ರೈತ ‘ಇಲ್ಲ’ ಎಂದರೆ ನೀವು ಏನೆಂದು ಬರೆದುಕೊಳ್ಳುತ್ತೀರಿ? ‘ಹೌದು, ಲಾಭವಿಲ್ಲ’ ಎಂದು ಅವನು ನಿಮ್ಮ ಮಾತಿಗೆ ದನಿಗೂಡಿಸಿರಬಹುದು, ಅಥವಾ ‘ನೀವು ಹೇಳುವುದು ಸರಿಯಲ್ಲ’ ಎಂದಿರಬಹುದು. ಹತ್ತು ವಿರುದ್ಧ ಹೇಳಿಕೆಗಳಿದ್ದರೆ ಹತ್ತು ಕಡೆಯೂ ಈ ಗೊಂದಲ ಇರುತ್ತದೆ, ಅದು ಯಾವ ಕೋಷ್ಟಕದಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ವಿರುದ್ಧವಾದ ಹೇಳಿಕೆಗಳನ್ನೂ ‘ಇಲ್ಲ’ ‘ಅಲ್ಲ’ ಬಾರದಂತೆ ಬರೆಯಬೇಕು. ‘ಸಾವಯವ ಕೃಷಿಯಲ್ಲಿ ಲಾಭವಿಲ್ಲ’ ಎನ್ನುವುದರ ಬದಲು ‘ಸಾವಯವ ಕೃಷಿ ರೈತನನ್ನು ನಷ್ಟಕ್ಕೆ ನೂಕುತ್ತದೆ’ ಎನ್ನಿ. ‘ಸಾವಯವ ಗೊಬ್ಬರ ಕಬ್ಬಿಗೆ ಸಾಕಾಗುವುದಿಲ್ಲ’ ಎನ್ನುವುದರ ಬದಲು ‘ಕಬ್ಬಿಗೆ ಸರ್ಕಾರಿ ಗೊಬ್ಬರ ಬೇಕೇ ಬೇಕು’ ಎನ್ನಿ (ರಾಸಾಯನಿಕ ಗೊಬ್ಬರಕ್ಕೆ ರೈತರು ಹೇಳುವ ಹೆಸರು ಸರ್ಕಾರಿ ಗೊಬ್ಬರ).

ಒಂದೇ ವಾಕ್ಯದಲ್ಲಿ ಎರಡು ವಿಚಾರ ಸೇರಿಕೊಳ್ಳುವುದನ್ನು ಹಿಡಿಯುವುದೂ ಸುಲಭವಲ್ಲ. ‘ಸಾವಯವ ಅಕ್ಕಿ ರುಚಿಯಾಗಿರುವುದರಿಂದ ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ’ ಎಂಬುದರಲ್ಲಿ ರುಚಿ ಒಂದು, ಬೆಲೆ ಒಂದು, ಒಂದರಿಂದ ಇನ್ನೊಂದು ಎಂಬುದು ಮೂರನೆಯದು. ರುಚಿಯನ್ನು ಒಪ್ಪಿ ಬೆಲೆಯನ್ನು ಒಪ್ಪದವನು ಏನು ಹೇಳಬೇಕು? ‘ಆದುದರಿಂದ’, ‘ಮತ್ತು’, ‘ಆದರೂ’ ಬಂದಲ್ಲೆಲ್ಲ ನಿಂತು ನೋಡಿ. ಎಷ್ಟೋ ವೇಳೆ ಅಂಥ ವಾಕ್ಯವನ್ನು ಎರಡಾಗಿ ಒಡೆದರೆ ಎರಡೂ ಉಪಯೋಗಕ್ಕೆ ಬರುತ್ತವೆ. ತಿದ್ದಿದ ಮೇಲೆ ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ ಕೇಳಿಸಿ. ರೈತ ಅದನ್ನು ಕಣ್ಣಿನಿಂದ ಓದುವುದಿಲ್ಲ, ನಿಮ್ಮ ಬಾಯಿಂದ ಕೇಳುತ್ತಾನೆ.

ತೀರ್ಪುಗಾರರು

ತಿದ್ದಿದ ಹೇಳಿಕೆಗಳು ವಿಷಯಕ್ಕೆ ಎಷ್ಟು ಹೊಂದುತ್ತವೆ ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯಬೇಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನ ಹಾಗೂ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದ ತಜ್ಞರು, ಮೈಸೂರು ಬಳಿಯ ನಾಗನಹಳ್ಳಿಯ ಸಾವಯವ ಕೃಷಿ ಸಂಶೋಧನಾ ಕೇಂದ್ರದವರು, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದವರು, ಮನಶ್ಶಾಸ್ತ್ರದ ಅಧ್ಯಾಪಕರು ಹತ್ತಿರದಲ್ಲಿಯೇ ಸಿಗುತ್ತಾರೆ. ಇವರ ಜೊತೆಗೆ, ಹಲವು ವರ್ಷಗಳಿಂದ ಸಾವಯವದಲ್ಲಿ ದುಡಿದ ಕೆಲವು ರೈತರನ್ನೂ, ಅದನ್ನು ಪ್ರಯತ್ನಿಸಿ ಬಿಟ್ಟ ಕೆಲವರನ್ನೂ ತೀರ್ಪುಗಾರರಾಗಿ ಸೇರಿಸಿಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಬಿಟ್ಟವರಿಗೆ ತಿಳಿದಿರುವ ಸಂಗತಿಗಳು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಪ್ರತಿ ಹೇಳಿಕೆಗೂ ‘ಬಹಳ ಪ್ರಸ್ತುತ’, ‘ಪ್ರಸ್ತುತ’, ‘ಅಪ್ರಸ್ತುತ’ ಎಂಬ ಮೂರರಲ್ಲಿ ಒಂದನ್ನು ಗುರುತಿಸಲು ಹೇಳಿ, ಕ್ರಮವಾಗಿ 3, 2, 1 ಅಂಕ ಕೊಡಿ. 30 ತೀರ್ಪುಗಾರರಿದ್ದರೆ ಒಂದು ಹೇಳಿಕೆಗೆ ಗರಿಷ್ಠ 90 ಅಂಕ. ಬಂದದ್ದು 72 ಆದರೆ ಅದರ ಪ್ರಸ್ತುತತೆ 0.80. ಸಾಮಾನ್ಯವಾಗಿ 0.75ಕ್ಕಿಂತ ಮೇಲಿನವನ್ನು ಉಳಿಸಿಕೊಳ್ಳುತ್ತಾರೆ.

ಪೂರ್ವಪರೀಕ್ಷೆ: ಯಾವ ಹೇಳಿಕೆ ಉಳಿಯಬೇಕು

ಇಲ್ಲಿಂದ ಮುಂದೆ ತೀರ್ಮಾನ ರೈತರ ಉತ್ತರಗಳದ್ದು. ಮುಖ್ಯ ಅಧ್ಯಯನಕ್ಕೆ ಆರಿಸಿಕೊಂಡ ಊರುಗಳನ್ನು ಬಿಟ್ಟು, ಆದರೆ ಅಂಥವೇ ಪರಿಸ್ಥಿತಿಯಿರುವ ಬೇರೆ ಊರುಗಳಲ್ಲಿ ಸುಮಾರು 100 ರೈತರಿಗೆ ಉಳಿದಿರುವ ಎಲ್ಲ ಹೇಳಿಕೆಗಳನ್ನೂ ಓದಿ ಉತ್ತರ ಪಡೆಯಿರಿ. ಪರವಾದ ಹೇಳಿಕೆಗೆ ‘ಪೂರ್ತಿ ಒಪ್ಪುತ್ತೇನೆ’ ಎಂದರೆ 5, ‘ಒಪ್ಪುತ್ತೇನೆ’ ಎಂದರೆ 4, ‘ಏನೂ ಹೇಳಲಾರೆ’ ಎಂದರೆ 3, ‘ಒಪ್ಪುವುದಿಲ್ಲ’ ಎಂದರೆ 2, ‘ಸುತರಾಂ ಒಪ್ಪುವುದಿಲ್ಲ’ ಎಂದರೆ 1. ವಿರುದ್ಧವಾದ ಹೇಳಿಕೆಗೆ ಇದೇ ಅಂಕಗಳು ತಲೆಕೆಳಗಾಗುತ್ತವೆ. ಹಾಗೆ ತಿರುಗಿಸುವುದನ್ನು ಹೊಲದಲ್ಲಿ ಮಾಡಬೇಡಿ. ಅಲ್ಲಿ ಉತ್ತರವನ್ನಷ್ಟೇ ಗುರುತಿಸಿಕೊಂಡು, ಅಂಕವನ್ನು ಮನೆಗೆ ಬಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ.

ಪ್ರತಿಯೊಬ್ಬ ರೈತನ ಒಟ್ಟು ಅಂಕವನ್ನು ಕೂಡಿ, ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಸಿ ಜೋಡಿಸಿ. ಮೇಲಿನ ಶೇಕಡ 25, ಅಂದರೆ 25 ರೈತರು ಒಂದು ಗುಂಪು. ಕೆಳಗಿನ 25 ರೈತರು ಇನ್ನೊಂದು ಗುಂಪು. ನಡುವಿನ 50 ಜನರನ್ನು ಈ ಲೆಕ್ಕಕ್ಕೆ ಬಿಡಿ. ಈಗ ಒಂದೊಂದೇ ಹೇಳಿಕೆಯನ್ನು ತೆಗೆದುಕೊಂಡು, ಅದರಲ್ಲಿ ಮೇಲಿನ ಗುಂಪಿನ ಸರಾಸರಿ ಎಷ್ಟು, ಕೆಳಗಿನ ಗುಂಪಿನ ಸರಾಸರಿ ಎಷ್ಟು ಎಂದು ನೋಡಬೇಕು. ಎರಡು ಸರಾಸರಿಗಳ ವ್ಯತ್ಯಾಸವನ್ನು, ಎರಡೂ ಗುಂಪುಗಳ ವಿಚಲನ ವರ್ಗಗಳನ್ನು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, ಇಂಗ್ಲಿಷಿನಲ್ಲಿ ವೇರಿಯನ್ಸ್) ಆಯಾ ಗುಂಪಿನ ಸಂಖ್ಯೆಯಿಂದ ಭಾಗಿಸಿ ಕೂಡಿದ ಮೊತ್ತದ ವರ್ಗಮೂಲದಿಂದ ಭಾಗಿಸಿದರೆ ಟಿ ಮೌಲ್ಯ ಸಿಗುತ್ತದೆ. ಅದು ದೊಡ್ಡದಾದಷ್ಟೂ ಆ ಹೇಳಿಕೆ ಎರಡು ಗುಂಪುಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ.

ತಿಳಿಯಾಗಲೆಂದು ಎರಡು ಕಲ್ಪಿತ ಲೆಕ್ಕಗಳನ್ನು ಕೊಡುತ್ತೇನೆ. ‘ಸಾವಯವಕ್ಕೆ ಹೊರಳಿದ ರೈತ ಸಾಲದಲ್ಲಿ ಸಿಕ್ಕಿಕೊಳ್ಳುತ್ತಾನೆ’ ಎಂಬುದಕ್ಕೆ, ಅಂಕಗಳನ್ನು ತಿರುಗಿಸಿದ ಮೇಲೆ, ಮೇಲಿನ ಗುಂಪಿನ ಸರಾಸರಿ 4.2, ಕೆಳಗಿನ ಗುಂಪಿನದು 3.1 ಎಂದಿಟ್ಟುಕೊಳ್ಳಿ. ವಿಚಲನ ವರ್ಗಗಳು 0.6 ಮತ್ತು 1.2. ಇವೆರಡರ ಮೊತ್ತ 1.8 ಅನ್ನು 25ರಿಂದ ಭಾಗಿಸಿದರೆ 0.072, ಅದರ ವರ್ಗಮೂಲ 0.268. ವ್ಯತ್ಯಾಸ 1.1 ಅನ್ನು ಇದರಿಂದ ಭಾಗಿಸಿದರೆ 4.10. ಇನ್ನು ‘ಸಾವಯವ ಕೃಷಿಯಿಂದ ಮಣ್ಣಿನ ಆರೋಗ್ಯ ಸುಧಾರಿಸುತ್ತದೆ’ ಎಂಬುದಕ್ಕೆ ಸರಾಸರಿಗಳು 4.8 ಮತ್ತು 4.6, ವಿಚಲನ ವರ್ಗಗಳು 0.2 ಮತ್ತು 0.4 ಆಗಿದ್ದರೆ ಟಿ ಮೌಲ್ಯ 1.29. ಪ್ರತಿ ಗುಂಪಿನಲ್ಲಿ 25 ಅಥವಾ ಹೆಚ್ಚು ಜನರಿದ್ದಾಗ 1.75 ಅಥವಾ ಅದಕ್ಕಿಂತ ಹೆಚ್ಚಿನ ಟಿ ಮೌಲ್ಯವಿರುವ ಹೇಳಿಕೆಯನ್ನು ಇಟ್ಟುಕೊಳ್ಳಬಹುದೆಂದು ಎಡ್ವರ್ಡ್ಸ್ ಹೇಳಿದ್ದಾರೆ. ಮೊದಲನೆಯದು ಉಳಿಯುತ್ತದೆ, ಎರಡನೆಯದು ಹೋಗುತ್ತದೆ. ಮಣ್ಣಿನ ಆರೋಗ್ಯದ ಮಾತು ಸುಳ್ಳೆಂದಲ್ಲ. ಕಾಳನ್ನೂ ಜೊಳ್ಳನ್ನೂ ಒಟ್ಟಿಗೇ ಕೆಳಗಿಳಿಸುವ ಜರಡಿಯಂತೆ ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ.

ಟಿ ಮೌಲ್ಯದ ಕ್ರಮದಲ್ಲಿ ಮೇಲಿನ 20 ಹೇಳಿಕೆಗಳನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುವುದೂ ಸರಿಯಲ್ಲ. ಹಾಗೆ ಮಾಡಿದರೆ ಹಣದ ಕುರಿತಾದ ಹೇಳಿಕೆಗಳೇ ಹತ್ತು ಬಂದು, ದುಡಿಮೆಯ ಕುರಿತಾದದ್ದು ಒಂದೂ ಇಲ್ಲದಿರಬಹುದು. 1.75ನ್ನು ದಾಟಿದವುಗಳ ನಡುವೆ ಎಲ್ಲ ಅಂಶಗಳೂ, ಪರ ಮತ್ತು ವಿರುದ್ಧ ಎರಡೂ ಬಗೆಯವೂ ಉಳಿಯುವಂತೆ ವಿವೇಚನೆಯಿಂದ ಆರಿಸಬೇಕು.

ವಿಶ್ವಾಸಾರ್ಹತೆ ಮತ್ತು ಸಿಂಧುತ್ವ

ವಿಶ್ವಾಸಾರ್ಹತೆಯೆಂದರೆ ಅಳತೆಗೋಲು ಎಷ್ಟು ಸ್ಥಿರವಾಗಿ ಅಳೆಯುತ್ತದೆ ಎಂಬುದು. ಅದನ್ನು ತಿಳಿಯಲು, ಉಳಿದ 20 ಹೇಳಿಕೆಗಳನ್ನು ಇನ್ನೊಂದು ಚಿಕ್ಕ ಗುಂಪಿಗೆ ಓದಿ, ಸಮಸಂಖ್ಯೆಯ ಹತ್ತರ ಮೊತ್ತಕ್ಕೂ ಬೆಸಸಂಖ್ಯೆಯ ಹತ್ತರ ಮೊತ್ತಕ್ಕೂ ಸಹಸಂಬಂಧವನ್ನು ಲೆಕ್ಕಹಾಕಿ. ಅದು 0.70 ಬಂದರೆ, ಅದು ಅರ್ಧ ಅಳತೆಗೋಲಿನ ವಿಶ್ವಾಸಾರ್ಹತೆ ಮಾತ್ರ. ಸ್ಪಿಯರ್‌ಮನ್–ಬ್ರೌನ್ ಸೂತ್ರದಂತೆ ಅದನ್ನು ಎರಡರಿಂದ ಗುಣಿಸಿ, ಮೂಲ 0.70ಕ್ಕೆ ಒಂದನ್ನು ಕೂಡಿ ಬಂದ ಸಂಖ್ಯೆಯಿಂದ ಭಾಗಿಸಿದರೆ, ಅಂದರೆ 1.40ನ್ನು 1.70ರಿಂದ ಭಾಗಿಸಿದರೆ, ಪೂರ್ಣ ಅಳತೆಗೋಲಿನ ವಿಶ್ವಾಸಾರ್ಹತೆ 0.82. ವಿಶ್ವಾಸಾರ್ಹತೆಯ ಇನ್ನೊಂದು ಅಳತೆಯಾಗಿ ಕ್ರೊನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ ಮೌಲ್ಯವನ್ನು ಈಗ ಅಂಕಿಅಂಶಗಳ ಯಾವ ತಂತ್ರಾಂಶವಾದರೂ ಲೆಕ್ಕಹಾಕಿ ಕೊಡುತ್ತದೆ. 0.70ಕ್ಕಿಂತ ಕೆಳಗಿದ್ದರೆ ಹೇಳಿಕೆಗಳನ್ನು ಮತ್ತೆ ನೋಡಬೇಕು. ಅದು 0.95ನ್ನು ದಾಟಿದರೂ ಸಂತೋಷಪಡಬೇಡಿ. ಒಂದೇ ಮಾತನ್ನು ಬೇರೆ ಬೇರೆ ಪದಗಳಲ್ಲಿ ಕೇಳಿರುವ ಸಾಧ್ಯತೆ ಹೆಚ್ಚು.

ಸಿಂಧುತ್ವಕ್ಕೆ, ಅಂದರೆ ಅಳೆಯಬೇಕಾದುದನ್ನೇ ಅಳತೆಗೋಲು ಅಳೆಯುತ್ತಿದೆ ಎಂಬುದಕ್ಕೆ, ತೀರ್ಪುಗಾರರ ಒಪ್ಪಿಗೆಯೊಂದನ್ನೇ ಆಧಾರವಾಗಿ ತೋರಿಸಿ ಮುಗಿಸುವುದು ರೂಢಿಯಾಗಿದೆ. ಅದು ಸಾಲದು. ಪ್ರಮಾಣಪತ್ರ ಪಡೆದು ಹಲವು ವರ್ಷಗಳಿಂದ ಸಾವಯವದಲ್ಲಿರುವ ರೈತರಿಗೂ, ಅದೇ ಊರಿನಲ್ಲಿ ಎಂದೂ ಅದಕ್ಕೆ ಕೈಹಾಕದ ರೈತರಿಗೂ ಅಳತೆಗೋಲನ್ನು ಇಟ್ಟು ನೋಡಿ. ಎರಡು ಗುಂಪುಗಳ ಸರಾಸರಿಯಲ್ಲಿ ಸ್ಪಷ್ಟವಾದ ಅಂತರ ಕಾಣದಿದ್ದರೆ ನಿಮ್ಮ ಅಳತೆಗೋಲು ಬೇರೆ ಏನನ್ನೋ ಅಳೆಯುತ್ತಿದೆ, ಬಹುಶಃ ರೈತರ ಸೌಜನ್ಯವನ್ನು.

ಹೊಲದಲ್ಲಿ

ರೈತರ ಆಯ್ಕೆಯಲ್ಲಿ ನೀರಾವರಿ ಮತ್ತು ಮಳೆಯಾಶ್ರಿತ ಎರಡೂ ಇರಬೇಕು. ಮದ್ದೂರು, ಶ್ರೀರಂಗಪಟ್ಟಣದ ಕಡೆಯ ನಾಲಾ ಬಯಲಿನ ಭತ್ತ-ಕಬ್ಬಿನ ರೈತನಿಗೂ, ನಾಗಮಂಗಲದ ಕಡೆಯ ರಾಗಿ-ಹುರುಳಿ-ತೆಂಗಿನ ರೈತನಿಗೂ ಸಾವಯವ ಕೃಷಿ ಒಂದೇ ಅರ್ಥ ಕೊಡುವುದಿಲ್ಲ. ಮೊದಲೇ ಕೊಟ್ಟಿಗೆ ಗೊಬ್ಬರವನ್ನು ನಂಬಿರುವ ಖುಷ್ಕಿಯ ರೈತನಿಗೆ ಬಿಡಬೇಕಾದುದು ಕಡಿಮೆ. ಇಬ್ಬರನ್ನೂ ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆದರೆ ಅದು ಇಬ್ಬರದ್ದೂ ಆಗಿರುವುದಿಲ್ಲ. ಪಹಣಿಯಲ್ಲಿ ಹೆಸರಿರುವವರನ್ನೇ ಆರಿಸಿದರೆ ಹೆಂಗಸರೂ ಗುತ್ತಿಗೆದಾರರೂ ಬಿಟ್ಟುಹೋಗುತ್ತಾರೆ. ಆದುದರಿಂದ ಮನೆಯನ್ನು ಆರಿಸಿಕೊಂಡು, ಆ ಮನೆಯ ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆಯಾಗಿ ಮಾತನಾಡಿಸುವುದು ಒಳ್ಳೆಯ ಕ್ರಮ. ಯಜಮಾನ ಪಕ್ಕದಲ್ಲಿ ಕುಳಿತಿದ್ದರೆ ಆಕೆಯ ಉತ್ತರ ಅವನ ಉತ್ತರವೇ ಆಗಿಬಿಡುತ್ತದೆ.

ಇಲಾಖೆಯ ಜೀಪಿನಲ್ಲಿ ಹೋಗಬೇಡಿ, ಅಧಿಕಾರಿಗಳ ಜೊತೆಯಲ್ಲೂ ಹೋಗಬೇಡಿ. ಯಾವುದೋ ಯೋಜನೆಗೆ ಫಲಾನುಭವಿಗಳನ್ನು ಆರಿಸಲು ಬಂದಿದ್ದಾರೆಂಬ ಭಾವನೆ ಒಮ್ಮೆ ಮೂಡಿದರೆ, ಊರಿನಲ್ಲಿ ಸಾವಯವವನ್ನು ವಿರೋಧಿಸುವವನು ಒಬ್ಬನೂ ಸಿಗುವುದಿಲ್ಲ. ಈ ಉತ್ತರದಿಂದ ಯಾವ ಸೌಲಭ್ಯವೂ ಸಿಗುವುದಿಲ್ಲ, ತಪ್ಪುವುದೂ ಇಲ್ಲ ಎಂದು ಮೊದಲೇ ಹೇಳಬೇಕು. ನಾಲೆಗೆ ನೀರು ಬಿಟ್ಟು ನಾಟಿಯ ಗಡಿಬಿಡಿಯಲ್ಲಿರುವ ದಿನಗಳಲ್ಲಿ ಹೋದರೆ ಉತ್ತರಗಳೂ ಗಡಿಬಿಡಿಯವೇ ಆಗುತ್ತವೆ.

ಐದು ಬಗೆಯ ಉತ್ತರಗಳನ್ನು ಒಂದೇ ಉಸಿರಿನಲ್ಲಿ ಓದಿ ‘ಇದರಲ್ಲಿ ಯಾವುದು?’ ಎಂದು ಕೇಳುವುದಕ್ಕಿಂತ ಎರಡು ಹಂತದಲ್ಲಿ ಕೇಳುವುದು ಮೇಲು. ಮೊದಲು ‘ಯಜಮಾನ್ರೇ, ಈ ಮಾತನ್ನ ಒಪ್ತೀರಾ, ಒಪ್ಪಲ್ವಾ?’ ಎಂದು ಕೇಳಿ. ಉತ್ತರ ಬಂದ ಮೇಲೆ ‘ಪೂರ್ತಿನಾ, ಒಂದು ಮಟ್ಟಕ್ಕಾ?’ ಎಂದು ಕೇಳಿ. ಐದೂ ಉತ್ತರಗಳು ಇದರಿಂದಲೇ ಸಿಗುತ್ತವೆ, ರೈತನಿಗೂ ಇದು ಮಾತುಕತೆಯಂತೆಯೇ ಇರುತ್ತದೆ. ‘ಗೊತ್ತಿಲ್ಲ’ ಎಂದವನನ್ನು ಮಾತ್ರ ಆತುರದಿಂದ 3ಕ್ಕೆ ಸೇರಿಸಬೇಡಿ. ಎರಡೂ ಕಡೆ ತೂಗಿ ನೋಡಿ ತೀರ್ಮಾನಕ್ಕೆ ಬಾರದವನಿಗೆ 3 ಸಲ್ಲುತ್ತದೆ. ಪಿಜಿಎಸ್ ಪ್ರಮಾಣಪತ್ರದ ಹೆಸರನ್ನೇ ಕೇಳಿರದವನ ‘ಗೊತ್ತಿಲ್ಲ’ ಮನೋಭಾವವಲ್ಲ, ಅದನ್ನು ಬೇರೆ ಗುರುತಿನಿಂದ ಬರೆದಿಡಿ. ಒಂದು ಹೇಳಿಕೆಗೆ ಅಂಥ ಉತ್ತರಗಳು ಬಹಳ ಬಂದಿದ್ದರೆ ಆ ಹೇಳಿಕೆಯನ್ನೇ ಕೈಬಿಡುವುದು ಲೇಸು.

ಅಂಕಗಳನ್ನು ಓದುವ ಬಗೆ

20 ಹೇಳಿಕೆಗಳಿಗೆ ಕನಿಷ್ಠ 20, ಗರಿಷ್ಠ 100, ನಡುಬಿಂದು 60. ಒಟ್ಟು 60 ಬಂದ ರೈತ ಎಲ್ಲದಕ್ಕೂ ‘ಏನೂ ಹೇಳಲಾರೆ’ ಎಂದಿರಬಹುದು, ಅಥವಾ ಮಣ್ಣು-ಆರೋಗ್ಯದ ಹೇಳಿಕೆಗಳಿಗೆ ಪೂರ್ತಿ ಒಪ್ಪಿ, ಸಾಲ-ದುಡಿಮೆಯ ವಿಷಯದಲ್ಲಿ ಪೂರ್ತಿ ವಿರುದ್ಧವಾಗಿರಬಹುದು. ವಿಸ್ತರಣಾ ಕಾರ್ಯಕರ್ತನಿಗೆ ಈ ಇಬ್ಬರೂ ಬೇರೆ ಬೇರೆ ಮನುಷ್ಯರು. ಮೊದಲನೆಯವನಿಗೆ ಮಾಹಿತಿ ಬೇಕು. ಎರಡನೆಯವನಿಗೆ ಮಾಹಿತಿ ಸಾಕಷ್ಟಿದೆ, ಪರಿವರ್ತನೆಯ ಎರಡು-ಮೂರು ವರ್ಷಗಳನ್ನು ದಾಟಲು ಆಸರೆ ಬೇಕು. ಆದುದರಿಂದ ಒಟ್ಟು ಅಂಕದ ಜೊತೆಗೆ ಅಂಶವಾರು ಅಂಕಗಳನ್ನೂ ಕೊಡಿ.

ರೈತರನ್ನು ಗುಂಪು ಮಾಡುವಲ್ಲಿ ಒಂದು ರೂಢಿಯ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ಸರಾಸರಿಯಿಂದ ಅರ್ಧ ಪ್ರಮಾಣ ವಿಚಲನೆಯಷ್ಟು (ವಿಚಲನ ವರ್ಗದ ವರ್ಗಮೂಲವೇ ಪ್ರಮಾಣ ವಿಚಲನೆ) ಕೆಳಗಿದ್ದವರನ್ನು ‘ಪ್ರತಿಕೂಲ ಮನೋಭಾವ’, ಮೇಲಿದ್ದವರನ್ನು ‘ಅನುಕೂಲ ಮನೋಭಾವ’ ಎಂದು ಕರೆಯುತ್ತಾರೆ. ಸರಾಸರಿ 82, ಪ್ರಮಾಣ ವಿಚಲನೆ 6 ಎಂದುಕೊಳ್ಳಿ. ಆಗ 79ಕ್ಕಿಂತ ಕಡಿಮೆ ಬಂದವರೆಲ್ಲ ಪ್ರತಿಕೂಲ ಗುಂಪಿಗೆ ಸೇರುತ್ತಾರೆ. ಆದರೆ 78 ಎಂಬುದು ನಡುಬಿಂದುವಿಗಿಂತ 18 ಅಂಕ ಮೇಲಿದೆ. ಬಹುತೇಕ ಹೇಳಿಕೆಗಳಲ್ಲಿ ಸಾವಯವದ ಪರವಾಗಿಯೇ ಉತ್ತರಿಸಿದ ಆ ರೈತನನ್ನು ವಿರೋಧಿಯೆಂದು ವರದಿ ಮಾಡುವುದು ಅನ್ಯಾಯ. ಇಡೀ ಊರೇ ಸಾವಯವವನ್ನು ದ್ವೇಷಿಸುತ್ತಿದ್ದರೂ ಈ ಕ್ರಮದಲ್ಲಿ ಒಂದು ಭಾಗ ‘ಅನುಕೂಲ’ ಎಂದೇ ಬರುತ್ತದೆ. ಈ ವಿಂಗಡಣೆಯನ್ನು ಬಳಸಲೇಬೇಕಾದರೆ ಆ ಗುಂಪುಗಳನ್ನು ‘ಇತರರಿಗಿಂತ ಕಡಿಮೆ’, ‘ಇತರರಿಗಿಂತ ಹೆಚ್ಚು’ ಎಂದಷ್ಟೇ ಕರೆದು, 60ರ ಕೆಳಗೆ ಎಷ್ಟು ಜನ, ಮೇಲೆ ಎಷ್ಟು ಜನ ಎಂಬುದನ್ನು ಪಕ್ಕದಲ್ಲಿಯೇ ತೋರಿಸಬೇಕು.

ವರದಿಯ ಅನುಬಂಧದಲ್ಲಿ 20 ಹೇಳಿಕೆಗಳನ್ನೂ ರೈತರಿಗೆ ಓದಿದ ಕನ್ನಡದಲ್ಲಿಯೇ, ಟಿ ಮೌಲ್ಯಗಳ ಸಮೇತ ಕೊಡಿ. ಕೈಬಿಟ್ಟ ಹೇಳಿಕೆಗಳನ್ನೂ ಕೊಟ್ಟರೆ ಮುಂದಿನವರಿಗೆ ಉಪಕಾರವಾಗುತ್ತದೆ. ಇಂಗ್ಲಿಷ್ ರೂಪವನ್ನು ಮಾತ್ರ ಅಚ್ಚು ಹಾಕಿದರೆ ರೈತ ಕೇಳಿಸಿಕೊಂಡದ್ದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಈ ಅಳತೆಗೋಲನ್ನು ಹುಣಸೂರಿನ ಹೊಗೆಸೊಪ್ಪಿನ ರೈತರಿಗೋ ಎಚ್.ಡಿ. ಕೋಟೆಯ ಹತ್ತಿ ಬೆಳೆಗಾರರಿಗೋ ಬಳಸಲು ಬಯಸುವವರು ಕಬ್ಬು, ನಾಲೆ, ಬೆಲ್ಲದ ಕುರಿತಾದ ಹೇಳಿಕೆಗಳನ್ನು ತೆಗೆದು, ಅಲ್ಲಿನ ರೈತರ ಮಾತುಗಳಿಂದ ಹೊಸ ಹೇಳಿಕೆಗಳನ್ನು ಸೇರಿಸಿ, ಪೂರ್ವಪರೀಕ್ಷೆಯಿಂದ ಮುಂದಿನ ಹಂತಗಳನ್ನೆಲ್ಲ ಅಲ್ಲಿಯೇ ಮತ್ತೊಮ್ಮೆ ನಡೆಸಬೇಕು.